ನಡುನೀರು

ಅಥೆನ್ಸಿನಲ್ಲಿ ರಾತ್ರಿ ಹನ್ನೊಂದೂವರೆ. ಹೊರಗೆ ಚೌಕದ ಜನ
ಲೇಸರ್ ದೀಪದ ಹಸಿರು ಚುಕ್ಕಿಗಳನ್ನು
ನಮ್ಮ ಕಿಟಕಿಗಳ ಮೇಲೆ ಆಡಿಸುತ್ತಿದ್ದಾರೆ.
ಒಂದು ಚುಕ್ಕಿ ಒಳಗೆ ನುಸುಳಿ ಬಹಳ ಹೊತ್ತಿನಿಂದ
ನನ್ನ ಕೋಟಿನ ಗುಂಡಿಯ ಮೇಲೆ ಕೂತಿದೆ.
ಓಡಿಸಲು ಮನಸ್ಸಿಲ್ಲ.
ಅಶ್ರುವಾಯು ಗಂಟಲಿಗಿಳಿದಿದೆ; ಕ್ಯಾಂಟೀನಿನವನು
ನಿಂಬೆ ಹೋಳುಮಾಡಿ ಹಂಚುತ್ತಿದ್ದಾನೆ
ಆಳುವವರಿಗೂ ಬೀಳಿಸುವವರಿಗೂ ಒಂದೇ ತಟ್ಟೆಯಲ್ಲಿ.

ಲಾಸ್ಕಾರಿಸ್ ಮೂರನೇ ಸಲ ಬಂದುಹೋದ,
ನಮ್ಮ ಪಕ್ಷದ ತಲೆ ಎಣಿಸುವವನು.
"ಥೆಮೆಲೀನಾ, ನೂರೈವತ್ತು ಇದೆ.
ನೀನು ನೂರೈವತ್ತೊಂದು."
ಎಂದೂ ಇಷ್ಟು ಬೆಲೆ ಬಾಳಿರಲಿಲ್ಲ ನಾನು,
ಮದುವೆಯ ದಿನವೂ.

ಔಷಧಿ ಅಂಗಡಿಯವಳು ನಾನು, ಕಾಲಿಮ್ನೋಸ್ ದ್ವೀಪದವಳು.
ಒಂಬತ್ತು ತಿಂಗಳಾಯಿತು, ಸರ್ಕಾರದ ವಿಮಾನಿಧಿ
ಬಿಡಿಗಾಸು ಕೊಟ್ಟಿಲ್ಲ. ಇನ್ಸುಲಿನ್ ಮಾತ್ರ
ಕೊಡುತ್ತಲೇ ಇದ್ದೇನೆ, ನೀಲಿ ನೋಟುಬುಕ್ಕಿನಲ್ಲಿ ಬರೆದು ಬರೆದು.
ಅಂದರೆ ಈ ಸರ್ಕಾರ ನನ್ನ ಸಾಲಗಾರ.
ಸಾಲಗಾರನನ್ನು ಕೆಡವಿದರೆ ಸಾಲ ತೀರುತ್ತದೆಯೆ?
ನಿಲ್ಲಿಸಿದರೆ ತೀರಿಸುತ್ತಾನೆಯೆ?
ಬ್ರಸೆಲ್ಸಿನ ಕಪ್ಪು ಸೂಟಿನವರೂ ಇದನ್ನೇ
ನಮ್ಮ ಬಗ್ಗೆ ಕೇಳಿಕೊಳ್ಳುತ್ತಿರಬೇಕು,
ಊಟವಾದ ಮೇಲೆ.

ಬೀಳಿಸು, ಅನ್ನುತ್ತಾಳೆ ತಂಗಿ ಸೆವಸ್ತಿ.
ಶಾಲೆ ಟೀಚರು. ಸಂಬಳದಲ್ಲಿ ಮೂರನೇ ಒಂದು ಪಾಲು ಹೋಗಿದೆ.
ಫೋನಿನಲ್ಲಿ ಅವಳ ಬೆನ್ನಿಗೆ ತಮಟೆ, ಶಿಳ್ಳೆ;
ಅವಳೂ ಚೌಕದಲ್ಲೇ ಇದ್ದಾಳೆ.
"ಪಿಂಚಣಿ ಕತ್ತರಿಸಿ ಅಂತ ಮತ ಹಾಕಿದ್ದೆವಾ?
ಮಾತು ತಪ್ಪಿದವರು ಇಳೀಬೇಕು. ಅಷ್ಟೆ.
ಲೆಕ್ಕ ಯಾಕೆ ಹೇಳ್ತೀ ನಂಗೆ?"
ಅವಳ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಬಿದ್ದರೆ ಚುನಾವಣೆಗೆ ಒಂದು ತಿಂಗಳು.
ಸಾಲದ ಕಂತು ಬರಬೇಕಾದದ್ದು ಹನ್ನೆರಡು ದಿನದಲ್ಲಿ.
ಕಂತಿಲ್ಲ ಅಂದರೆ ಡೀಸೆಲ್ ಇಲ್ಲ, ಡೀಸೆಲ್ ಇಲ್ಲ ಅಂದರೆ
ಡಯಾಲಿಸಿಸ್ಸಿನವರನ್ನು ದಾಟಿಸುವ ದೋಣಿ ಇಲ್ಲ.
ಲಾಸ್ಕಾರಿಸನ ಮಾತಿನಲ್ಲೂ ಹುಡುಕಿದೆ.
ಅಲ್ಲೂ ಸಿಗಲಿಲ್ಲ. ಭಯ ಅದೇ.

ಅಜ್ಜ ಮಿಕೆಸ್ ಸ್ಪಂಜು ಕೀಳಲು ಮುಳುಗುತ್ತಿದ್ದ.
ತಾಮ್ರದ ಟೋಪಿ, ಸೀಸದ ಬೂಟು,
ದೋಣಿಯಿಂದ ಇಳಿಬಿಟ್ಟ ಗಾಳಿಯ ಕೊಳವೆ.
ಮೇಲೆ ಹಗ್ಗ ಹಿಡಿದವನು ಕುಡುಕ; ಎಲ್ಲರಿಗೂ ಗೊತ್ತು.
ಕೂಲಿಯಲ್ಲಿ ಕದಿಯುತ್ತಿದ್ದ; ಅದೂ ಗೊತ್ತು.
ಒಂದು ಮಧ್ಯಾಹ್ನ ಜಗಳ ಎದ್ದಿತು, ನ್ಯಾಯದ ಜಗಳವೇ,
ಅವನ ಕೈಯಿಂದ ಹಗ್ಗ ಕಿತ್ತುಕೊಂಡರು.
ಕಿತ್ತುಕೊಂಡ ಒಳ್ಳೆಯವರು, ಗಾಬರಿಯಲ್ಲಿ,
ಇಪ್ಪತ್ತೈದು ಮಾರು ಆಳದಿಂದ ಅಜ್ಜನನ್ನು
ಒಂದೇ ಉಸಿರಿಗೆ ಎಳೆದರು.
ರಕ್ತದಲ್ಲಿ ಗುಳ್ಳೆ ಎದ್ದು
ಸೊಂಟದಿಂದ ಕೆಳಗೆ ಎಲ್ಲ ಸತ್ತಿತು.

ಇಲ್ಲಿಗೆ ನಿಲ್ಲಿಸಿದ್ದರೆ ಭಾಷಣಕ್ಕಾಗುತ್ತಿತ್ತು,
ಲಾಸ್ಕಾರಿಸ್ ಚಪ್ಪಾಳೆ ತಟ್ಟುತ್ತಿದ್ದ.
ಅಜ್ಜ ನಿಲ್ಲಿಸುತ್ತಿರಲಿಲ್ಲ.
ಕುರ್ಚಿಯಲ್ಲಿ ಕೂತು ಬಾದಾಮಿ ಒಡೆಯುತ್ತ ಅನ್ನುತ್ತಿದ್ದ:
"ಹಿಂದಿನ ವರ್ಷ ಆ ಕುಡುಕ ಹಿಡಿದ ಹಗ್ಗದಲ್ಲಿ
ಇಬ್ಬರು ಮೇಲೆ ಬರಲೇ ಇಲ್ಲ."
ಹಾಗಾದರೆ ಕಿತ್ತುಕೊಂಡದ್ದು ಸರಿಯೆ, ಅಜ್ಜ?
ಸಿಪ್ಪೆ ಊದುತ್ತಿದ್ದ.
"ಹಗ್ಗಕ್ಕೆ ಎರಡು ತುದಿ, ಮಗಳೆ.
ಜಗಳ ನಡೆದದ್ದು ಒಂದರಲ್ಲಿ."

ನಡುನೀರಿನಲ್ಲಿ ಕೈಬಿಟ್ಟರು ಅನ್ನುತ್ತೇವೆ.
ಕೈಬಿಡದೆ, ಹಿಡಿದುಕೊಂಡೇ ಮುಳುಗಿಸುವವರಿಗೆ
ಯಾವ ಗಾದೆಯೂ ಇಲ್ಲ.

ಹೆಸರು ಕೂಗುವುದು ಶುರುವಾಗಿದೆ.
ನಮ್ಮಲ್ಲಿ ಹೌದು ಅನ್ನಲು "ನೆ" ಅನ್ನುತ್ತೇವೆ,
ಹೊರಗಿನವರ ಕಿವಿಗೆ ಅದು ನಿರಾಕರಣೆ.
ಇಲ್ಲ ಅನ್ನಲು ತಲೆಯನ್ನು ಮೇಲೆತ್ತುತ್ತೇವೆ,
ಅವರ ಕಣ್ಣಿಗೆ ಅದು ಒಪ್ಪಿಗೆ.
ಸಾಲ ಕೊಟ್ಟವರು ಟೀವಿಯ ಮುಂದೆ ಕೂತು
ಏನೆಂದು ತಿಳಿಯುತ್ತಾರೋ.

ನನ್ನ ಹೆಸರು ಬಂತು. ಎದ್ದೆ.
ಹಸಿರು ಚುಕ್ಕಿ ಜಾರಿ ಪಕ್ಕದವನ ಟೈ ಸೇರಿತು.
ಜೇಬಿನಲ್ಲಿ ಫೋನು ನಡುಗುತ್ತಿದೆ, ಸೆವಸ್ತಿಯೇ ಇರಬೇಕು.
ಬಾಯಿ ತುಂಬ ನಿಂಬೆಯ ಹುಳಿ.
ಹೇಳಿದೆ.

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ:
"ಕೇಳಿಸಲಿಲ್ಲ, ಅಮ್ಮಾ.
ಇನ್ನೊಂದು ಸಲ."